ಗಡ್ಡೆ ಕಂಡ ಕಡೆನೇ ತಪ್ಪಿರ್ಬೇಕಂತಿಲ್ಲ

ನಮ್ಮ ಚಿಕ್ಕಪ್ಪ ಮೂರು ಥರದ ಬಿಪಿ ಗುಳಿಗೆ ನುಂಗಿದ್ರೂ ಮೇಲಿನ ಬಿಪಿ 170ರಿಂದ ಕೆಳಗಿಳೀತಿರ್ಲಿಲ್ಲ, ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂರೋರು, ನಾವೆಲ್ಲ ಉಪ್ಪಿನಕಾಯಿ ಬಿಡಿ, ಸಂಜೆ ಮಿರ್ಚಿ ಮಂಡಕ್ಕಿ ಬಿಡಿ ಅಂತ ಅವರಿಗೇ ಬೈತಿದ್ವಿ. ಆಮೇಲೆ ದಾವಣಗೆರೆಲೇ ಒಬ್ರು ಡಾಕ್ಟ್ರು ಪೊಟ್ಯಾಸಿಯಂ ಕಮ್ಮಿ ಇರೋದು ನೋಡಿ ಅಲ್ಡೋಸ್ಟೀರಾನ್, ರೆನಿನ್ ಟೆಸ್ಟ್ ಬರೆದ್ರು. ಬೈದಿದ್ದಕ್ಕೆ ನಂಗೆ ಈಗ್ಲೂ ಬೇಜಾರಿದೆ.

ಎರಡೂ ಕಿಡ್ನಿ ಮೇಲೆ ಟೋಪಿ ಇಟ್ಟಂಗೆ ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತೆ, ತೂಕ ನಾಲ್ಕೈದು ಗ್ರಾಂ ಅಷ್ಟೆ. ಅಲ್ಲಿ ತಯಾರಾಗೋ ಅಲ್ಡೋಸ್ಟೀರಾನ್ ಅನ್ನೋ ಹಾರ್ಮೋನು ಕಿಡ್ನಿಗೆ ಉಪ್ಪು ಹಿಡ್ಕೋ, ಪೊಟ್ಯಾಸಿಯಂ ಬಿಡು ಅನ್ನುತ್ತೆ. ಇದನ್ನ ತಯಾರಿಸು ಅಂತ ಸೂಚನೆ ಹೊರಡೋದು ಕಿಡ್ನಿ ಬಿಡೋ ರೆನಿನ್‌ನಿಂದ; ರೆನಿನ್ ಇಳಿದ್ರೆ ಇದೂ ಇಳೀಬೇಕು, ಇಳೀದೆ ತನ್ನಷ್ಟಕ್ಕೆ ಸುರೀತಾನೇ ಇದ್ರೆ ಅದೇ ಪ್ರೈಮರಿ ಅಲ್ಡೋಸ್ಟೀರಾನಿಸಂ ಅನ್ನೋ ಕಾಯಿಲೆ. ಅಮೆರಿಕದ ಜೆರೋಮ್ ಕಾನ್ 1955ರಲ್ಲಿ ಇದನ್ನ ಬರೆದಿಟ್ರು. ಪೊಟ್ಯಾಸಿಯಂ ನಾರ್ಮಲ್ ಇದ್ದೋರಲ್ಲೂ ಇದು ಇರುತ್ತೆ, ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಆದ್ರೆ ಕಾಯಿಲೆ ಇದೆ ಅಂತ ಗೊತ್ತಾದ್ರೆ ಸಾಲಲ್ಲ, ಒಂದೇ ಗ್ರಂಥಿ ಕೆಟ್ಟಿದ್ಯಾ ಎರಡೂನಾ ಅಂತ ತಿಳೀಬೇಕು. ಒಂದೇ ಆದ್ರೆ ಸಣ್ಣ ತೂತಿನ ಆಪರೇಷನ್ ಮಾಡಿ ಅದನ್ನ ತೆಗೆದುಬಿಡ್ಬೋದು, ಎರಡೂ ಆದ್ರೆ ಎರಡನ್ನೂ ತೆಗೆಯಂಗಿಲ್ಲ, ಗುಳಿಗೆನೇ ಗತಿ. ಚಿಕ್ಕಪ್ಪಂದು ಸಿಟಿ ಸ್ಕ್ಯಾನ್‌ಲಿ ಎಡಕ್ಕೊಂದು ಸಣ್ಣ ಗಡ್ಡೆ ಕಾಣ್ತು, ನಾವು ತೆಗೆಸಿಬಿಡಣ ಅಂದ್ವಿ. ಡಾಕ್ಟ್ರು ತಡೆದ್ರು. ವಯಸ್ಸಾದಂಗೆ ಏನೂ ಮಾಡದ ಗಡ್ಡೆಗಳೂ ಬರ್ತವೆ, ನಿಜವಾಗ್ಲೂ ಕೆಟ್ಟದ್ದು ಕೆಲವು ಸಲ ಸ್ಕ್ಯಾನ್‌ಗೆ ಕಾಣದಷ್ಟು ಸಣ್ಣದಿರುತ್ತೆ. 2009ರಲ್ಲಿ 950 ಪೇಷೆಂಟ್‌ಗಳ ಲೆಕ್ಕ ಒಟ್ಟು ಹಾಕಿದಾಗ ಸುಮಾರು 38 ಪರ್ಸೆಂಟ್ ಜನರಲ್ಲಿ ಸ್ಕ್ಯಾನ್ ಹೇಳಿದ್ದೂ ಗ್ರಂಥಿಯ ರಕ್ತ ಹೇಳಿದ್ದೂ ತಾಳೆ ಆಗಿರ್ಲಿಲ್ಲ.

ಗ್ರಂಥಿಯ ರಕ್ತ ಅಂದ್ರೆ, ಎರಡು ಕಾಲುವೆ ಸೇರಿ ಗದ್ದೆಗೆ ಉಪ್ಪು ನೀರು ಬಂದ್ರೆ ಗದ್ದೇಲಿ ನಿಂತು ಯಾವ ಕಡೆದು ಅಂತ ಹೇಳಕ್ಕಾಗಲ್ಲ, ಸೇರೋಕೆ ಮುಂಚೆನೇ ಒಂದೊಂದರ ನೀರು ಬೇರೆಬೇರೆ ನೋಡ್ಬೇಕಲ್ಲ, ಹಂಗೇ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಟ್ಯೂಬ್ ಮೇಲಕ್ಕೆ ಕಳಿಸಿ ಎರಡೂ ಗ್ರಂಥಿಗಳ ಬಾಯಲ್ಲೇ ರಕ್ತ ತಗೋತಾರೆ. ಎಡದ್ದು ಸಲೀಸು, ಬಲಗಡೆ ನಾಳ ತೀರಾ ಮೋಟು, ನೇರ ದೊಡ್ಡ ನಾಳಕ್ಕೆ ಸೇರುತ್ತೆ, ಕೈ ಪಳಗಿದೋರಿಗೂ ತಪ್ಪುತ್ತೆ. ಸರಿಯಾದ ಜಾಗದ್ದೇ ರಕ್ತನಾ ಅಂತ ತಿಳಿಯೋಕೆ ಕಾರ್ಟಿಸಾಲ್ ಅಳೀತಾರೆ, ಅದೂ ಅದೇ ಗ್ರಂಥೀದು, ಹಂಗಾಗಿ ಕೈಯಲ್ಲಿ ತೆಗೆದ ರಕ್ತಕ್ಕಿಂತ ಇಲ್ಲಿ ತುಂಬಾ ಜಾಸ್ತಿ ಇರ್ಲೇಬೇಕು. ಬೇರೆ ರಕ್ತ ಬೆರೆತು ತೆಳ್ಳಗಾಗಿದ್ರೂ ಮೋಸ ಹೋಗ್ಬಾರ್ದು ಅಂತ ಅಲ್ಡೋಸ್ಟೀರಾನನ್ನ ಕಾರ್ಟಿಸಾಲಿಂದ ಭಾಗಿಸಿ ಎಡ ಬಲ ಹೋಲಿಸ್ತಾರೆ. ಗ್ರಂಥಿನ ಕೆಣಕೋ ಇಂಜೆಕ್ಷನ್ ಕೊಟ್ಟು ನೋಡಿದಾಗ ಒಂದು ಕಡೆ ನಾಲ್ಕು ಪಟ್ಟಿಗಿಂತ ಜಾಸ್ತಿ ಬಂದ್ರೆ ಆ ಕಡೆದೇ ತಪ್ಪು.

ಚಿಕ್ಕಪ್ಪಂಗೆ ಬೆಂಗಳೂರಲ್ಲಿ ಮಾಡಿಸಿದ್ವಿ, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಬಂತು. ಎಡದ್ದು ತೆಗೆಸಿದ್ರೂ ಬಲದ್ದು ಹಂಗೇ ಸುರೀತಿರ್ತಿತ್ತು. ಈಗ ಅಲ್ಡೋಸ್ಟೀರಾನಿನ ಕೆಲಸ ತಡೆಯೋ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ತಗೋತಾರೆ, ಪೊಟ್ಯಾಸಿಯಂ ಅತಿ ಏರ್ಬಾರ್ದು ಅಂತ ಆಗಾಗ ರಕ್ತ ಕೊಟ್ಟು ಬರ್ತಾರೆ, ಮೀನಖಂಡ ಹಿಡ್ಕೊಳ್ಳೋದು ನಿಂತಿದೆ.