ಆ ಗಾಡಿ ಏನು ಹೊತ್ತಿತ್ತು?

ಹಳೆ ಗೂಡ್ಸ್ ಗಾಡಿ ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಸಾರ್, ಎಷ್ಟು ಕಿಲೋಮೀಟರ್ ಓಡಿದೆ?" ಹಳೆ ಗಾಡಿ ಪರೀಕ್ಷೆ ಮಾಡಿ ಬೆಲೆ ಹೇಳುವುದು ನನ್ನ ಕೆಲಸ. ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಮನೆಗೆ ಕಾರು ತಗೊಳ್ಳುವವರು ಕೇಳಿದರೆ ಸರಿ. ಕಾರು ಯಾವತ್ತೂ ನಾಲ್ಕೈದು ಜನರನ್ನು ಹೊರುತ್ತದೆ, ಅಷ್ಟೇ. ಗೂಡ್ಸ್ ಗಾಡಿ ಹಾಗಲ್ಲ.

ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ಗಾಡಿ ಇವೆ ಅಂದುಕೊಳ್ಳಿ. ಒಂದು ಅಂಗಡಿ ಅಂಗಡಿಗೆ ಬ್ರೆಡ್ಡು, ಚಿಪ್ಸ್ ಹಾಕುತ್ತಾ 1.5 ಲಕ್ಷ ಕಿಲೋಮೀಟರ್ ಓಡಿದೆ. ಇನ್ನೊಂದು ಎಂ-ಸ್ಯಾಂಡ್, ಸಿಮೆಂಟು ಹೊತ್ತು 60,000 ಓಡಿದೆ. ನನ್ನ ಸ್ವಂತ ತಮ್ಮ ಕೇಳಿದರೂ ಮೊದಲನೆಯದನ್ನೇ ನೋಡು ಅಂತೀನಿ. ಚಿಪ್ಸ್ ಪ್ಯಾಕೆಟ್ ಬಾಗಿಲವರೆಗೆ ತುಂಬಿದರೂ ತೂಕ ಬರುವುದಿಲ್ಲ. ಸಿಮೆಂಟು ಅರ್ಧ ತುಂಬುವಷ್ಟರಲ್ಲೇ ಮಿತಿ ದಾಟಿರುತ್ತದೆ.

ಹೋದ ಮಳೆಗಾಲದಲ್ಲಿ ತಿಪಟೂರು ಕಡೆಯ ಒಬ್ಬ ಹುಡುಗ ಬಂದಿದ್ದ. ನೀರಿನ ಕ್ಯಾನ್ ಹಾಕುವ ವ್ಯಾಪಾರ ಶುರು ಮಾಡಬೇಕು ಅಂತ ಆಸೆ. ದುಡ್ಡು ಅವನ ತಾಯಿ ಸಂಘದಲ್ಲಿ ಎತ್ತಿದ ಸಾಲ. ಬ್ರೋಕರ್ ತೋರಿಸಿದ ಸಣ್ಣ ಗಾಡಿ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಹೊಸ ಪೇಂಟು, ಹೊಸ ಸೀಟ್ ಕವರು, ಮೀಟರ್‌ನಲ್ಲಿ ಕಡಿಮೆ ಕಿಲೋಮೀಟರ್. ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ ಹಿಂದಿನ ಕಮಾನ್ ಪಟ್ಟಿ, ಅಂದರೆ ಲೋಡ್ ತಡೆಯುವ ಸ್ಪ್ರಿಂಗ್ ಪಟ್ಟಿಗಳನ್ನು ನೋಡಿದೆ. ಉಳಿದ ಪಟ್ಟಿಗಳೆಲ್ಲ ಒಂದೇ ಬಣ್ಣ, ಒಂದೇ ತುಕ್ಕು. ಒಂದು ಪಟ್ಟಿ ಮಾತ್ರ ಬೇರೆ ಜಾತಿ. ಸ್ವಲ್ಪ ದಪ್ಪ, ತುದಿ ಒರಟು. ಅದನ್ನು ಹಿಡಿದಿದ್ದ ಯು-ಬೋಲ್ಟ್ ಉದ್ದ, ಹೊಸದು. ಪಟ್ಟಿ ಚಾಸಿಸ್‌ಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಸೇರುವ ಜಾಗದಲ್ಲಿ ಕಪ್ಪು ಬಣ್ಣ ಹಸಿಯಾಗಿಯೇ ಇತ್ತು. ಉಗುರಿನಲ್ಲಿ ಕೆರೆದರೆ ಒಳಗೆ ವೆಲ್ಡಿಂಗ್ ಗೆರೆ.

"ಎಕ್ಸ್‌ಟ್ರಾ ಪಟ್ಟಿ ಇದ್ರೆ ಒಳ್ಳೇದೇ ಅಲ್ವಾ ಸಾರ್? ಗಾಡಿ ಸ್ಟ್ರಾಂಗ್ ಆಯ್ತಲ್ಲ" ಅಂದ.

ಹೆಚ್ಚುಕಮ್ಮಿ ಎಲ್ಲರೂ ಎಡವುವುದು ಇಲ್ಲೇ. ಪಟ್ಟಿ ಸೇರಿಸಿದರೆ ಲೋಡ್ ಹಾಕಿದಾಗ ಗಾಡಿ ಹಿಂದೆ ಕೂರುವುದಿಲ್ಲ. ಅದರಿಂದ ಆಗುವುದು ಅಷ್ಟು ಮಾತ್ರ. ಆಕ್ಸಲ್ ಅದೇ. ಹಬ್ ಬೇರಿಂಗ್ ಅದೇ. ಕ್ಲಚ್ ಅದೇ. ಬ್ರೇಕು ಕಂಪನಿ ಲೆಕ್ಕ ಹಾಕಿ ಕೊಟ್ಟ ತೂಕಕ್ಕೇ ಇರುವುದು. ಮೂಟೆ ಹೊರುವ ಹಮಾಲಿಗೆ ಗಟ್ಟಿ ಚಪ್ಪಲಿ ಕೊಡಿಸಿದ ಹಾಗೆ ಇದು. ಬೆನ್ನು ಹಳೆಯದೇ ತಾನೆ? ಇನ್ನೂ ಒಂದು ತೊಂದರೆ ಇದೆ. ಮೊದಲು ಗಾಡಿ ಕೂತಿದ್ದು ನೋಡಿಯಾದರೂ ಲೋಡ್ ಜಾಸ್ತಿ ಆಯ್ತು ಅಂತ ಗೊತ್ತಾಗುತ್ತಿತ್ತು. ಈಗ ಅದೂ ಗೊತ್ತಾಗುವುದಿಲ್ಲ. ಎರಡು ಮೂಟೆ, ಇನ್ನೆರಡು ಮೂಟೆ ಅಂತ ಏರುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಹೆಚ್ಚುವರಿ ಪಟ್ಟಿ ಕಂಡ ಮಾತ್ರಕ್ಕೆ ಗಾಡಿ ಕೆಟ್ಟಿದೆ ಅಂತ ತೀರ್ಪು ಕೊಡಬೇಡಿ. ಹಳ್ಳಿ ರಸ್ತೆಯ ಗುಂಡಿಗೆ ಹೆದರಿ ಹಾಕಿಸುವವರೂ ಇದ್ದಾರೆ. ಪಟ್ಟಿಯ ಜೊತೆಗೆ ಚಾಸಿಸ್‌ನಲ್ಲಿ ವೆಲ್ಡಿಂಗ್, ಬಾಡಿಯ ನೆಲದ ತಗಡು ಅಡ್ಡಪಟ್ಟಿಗಳ ನಡುವೆ ತಗ್ಗಿರುವುದು, ಹಿಂದಿನ ಟೈರು ಓರೆಯಾಗಿ ಸವೆದಿರುವುದು, ಇವೆಲ್ಲ ಸೇರಿದರೆ ಮಾತ್ರ ನಾನು ಬೇಡ ಅನ್ನುತ್ತೇನೆ. ಫೋಟೊ ನೋಡಿ ಹೇಳಿ ಅಂದರೆ ಹೇಳುವುದಿಲ್ಲ.

ಇನ್ನು ನಿಮ್ಮ ಲೋಡಿನ ಲೆಕ್ಕ. ಆರ್‌ಸಿಯಲ್ಲಿ ಎರಡು ತೂಕ ಇರುತ್ತದೆ. ಒಂದು ಖಾಲಿ ಗಾಡಿಯದು, ಇನ್ನೊಂದು ಲೋಡ್ ಸೇರಿ ಒಟ್ಟು. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ನೀವು ಹೊರಬಹುದಾದ ತೂಕ. ಗಾಡಿಯ ತೊಟ್ಟಿ ಎಷ್ಟು ಉದ್ದ ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. 2005ರಲ್ಲಿ ಬಂದ ಮೊದಲ ಟಾಟಾ ಏಸ್ ಹೊರುವ ಮಿತಿ 750 ಕೆಜಿ. ಸಿಮೆಂಟು ಮೂಟೆ 50 ಕೆಜಿ, ಅಂದರೆ 15 ಮೂಟೆಗೆ ಮುಗಿಯಿತು. 20 ಲೀಟರ್ ನೀರಿನ ಕ್ಯಾನ್ ತುಂಬಿದಾಗ 21 ಕೆಜಿ ಹತ್ತಿರ ಬರುತ್ತದೆ. 35 ಕ್ಯಾನ್‌ಗೆ ಮುಗಿಯಿತು. ತಿಪಟೂರಿನ ಹುಡುಗ ಟ್ರಿಪ್ಪಿಗೆ 70 ಕ್ಯಾನ್ ಲೆಕ್ಕ ಹಾಕಿಕೊಂಡು ಬಂದಿದ್ದ. "ಎಲ್ಲರೂ ಹಾಕ್ತಾರಲ್ಲ ಸಾರ್" ಅಂದ. ಹಾಕುತ್ತಾರೆ, ನಿಜ. ಅವನಿಗೆ ತೋರಿಸಿದ ಆ ಗಾಡಿಯೂ ಹಾಗೆ ಹಾಕಿದವರ ಗಾಡಿಯೇ. ಓವರ್‌ಲೋಡ್ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಮಿತಿ ಮೀರಿದ ಪ್ರತಿ ಟನ್‌ಗೆ ಇನ್ನೂ 2,000. ಹೊಸದಾಗಿ ವ್ಯಾಪಾರಕ್ಕಿಳಿದವನಿಗೆ ಅದು ಸಣ್ಣ ದುಡ್ಡಲ್ಲ. ಲೆಕ್ಕ ಕೂತು ಮಾಡಿದ ಮೇಲೆ ಅವನು ಒಂದೂವರೆ ಟನ್ ಹೊರುವ ಪಿಕಪ್ ಹುಡುಕಿ ತಗೊಂಡ. ಪಾರ್ಸೆಲ್ ಸರ್ವೀಸಿನಲ್ಲಿ ಓಡಿದ್ದು, ಕಿಲೋಮೀಟರ್ ಜಾಸ್ತಿ, ಕೆಳಗೆಲ್ಲ ಕ್ಲೀನ್. ನನಗೆ ತುಂಬಾ ಖುಷಿಯಾಯಿತು.

ನೀವು ಮಾಡಲೇಬೇಕಾದ ಒಂದು ಕೆಲಸ ಇದೆ. ಖಾಲಿ ಗಾಡಿಯನ್ನು ಹತ್ತಿರದ ವೇಬ್ರಿಡ್ಜ್ (ಗಾಡಿ ತೂಗುವ ಕಾಟಾ) ಮೇಲೆ ಹತ್ತಿಸಿ ತೂಕದ ಚೀಟಿ ತಗೊಳ್ಳಿ. ಆರ್‌ಸಿಯ ಖಾಲಿ ತೂಕಕ್ಕೂ ಚೀಟಿಗೂ ಡೀಸೆಲ್ಲು, ಸ್ಟೆಪ್ನಿಗೆ ಸರಿಹೋಗುವಷ್ಟು ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಯಾರೋ ಗಾಡಿಯ ಬಾಡಿ ಮೇಲೆ ದಪ್ಪ ತಗಡು, ಕಬ್ಬಿಣದ ಆಂಗಲ್ ಹೊಡೆಸಿದ್ದಾರೆ ಅಂತ ಅರ್ಥ. ಭಾರದ ಮಾಲು ಹೊರುವವರೇ ಹಾಗೆ ಮಾಡಿಸುವುದು. ಜೊತೆಗೆ ಆ ತಗಡಿನ ತೂಕವೂ ನಿಮ್ಮ ಲೋಡಿನ ಲೆಕ್ಕದಲ್ಲೇ ಕಳೆಯುತ್ತದೆ. ತೆರೆದ ಬಾಡಿ ಕಿತ್ತು ಕಂಟೇನರ್ ಕಟ್ಟಿಸಿದ ಗಾಡಿಯಲ್ಲಂತೂ ಇದನ್ನು ಬಿಡಲೇಬೇಡಿ.

ಕರಾವಳಿಯ ಗಾಡಿ ಆದರೆ ತೂಕ ಒಂದೇ ನೋಡಿದರೆ ಸಾಲದು. ಮಲ್ಪೆ, ಮಂಗಳೂರು ದಕ್ಕೆಯಿಂದ (ಮೀನು ದೋಣಿಗಳ ಬಂದರಿನಿಂದ) ಮೀನು ಹೊತ್ತ ಗಾಡಿಯಲ್ಲಿ ಐಸ್ ಕರಗಿ ಉಪ್ಪುನೀರು ದಿನವೂ ಚಾಸಿಸ್ ಮೇಲೆ ಸುರಿದಿರುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಪೇಂಟು ಹೊಳೆಯುತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ.

ಊರೊಳಗೇ ಎರಡು ಮೂರು ಕಿಲೋಮೀಟರ್ ಟ್ರಿಪ್ ಹೊಡೆಯುವವರು 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ) ಡೀಸೆಲ್ ಗಾಡಿ ಆರಿಸುವ ಮೊದಲು ಮೆಕ್ಯಾನಿಕ್ ಹತ್ತಿರ ಮಾತಾಡಿ. ಅದರ ಸೈಲೆನ್ಸರ್ ಲೈನಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಡಲು ಗಾಡಿ ಆಗಾಗ ಬಿಸಿಯಾಗಿ ಉದ್ದಕ್ಕೆ ಓಡಬೇಕು. ಅಂಥ ಓಟ ನಿಮ್ಮಲ್ಲಿ ಇಲ್ಲದಿದ್ದರೆ ಸಿಎನ್‌ಜಿ, ಪೆಟ್ರೋಲ್ ಗಾಡಿಯನ್ನೂ ನೋಡುವುದು ಒಳ್ಳೆಯದು.

ಗಾಡಿ ಏನು ಹೊತ್ತಿತ್ತು ಅಂತ ಯಾರನ್ನು ಕೇಳಬೇಕು? ಓನರ್‌ನ ಕೇಳಿದರೆ "ಬರೀ ತರಕಾರಿ" ಅಂತಾರೆ. ಡ್ರೈವರ್‌ನ ಕೇಳಿ. ಒಂದು ಟೀ ಕುಡಿಸಿ ಕೂರಿಸಿಕೊಂಡರೆ ಡ್ರೈವರ್‌ಗಳು ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕಂಡಿದ್ದು ಕಡಿಮೆ. ಒಬ್ಬರು ನನಗೆ ಹೇಳಿದ್ದು ನೆನಪಿದೆ: "ತರಕಾರಿ ಹೌದಣ್ಣ, ವಾರಕ್ಕೆ ಎರಡು ದಿನ ಗ್ರಾನೈಟ್ ಕಲ್ಲೂ ಹೌದು. ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಸುಟ್ಟ ವಾಸನೆ ಬರ್ತಿತ್ತು." ಡ್ರೈವರ್ ಸಿಗದಿದ್ದರೆ ಪಟ್ಟಿ ಕೆಲಸ ಮಾಡುವ ಅಂಗಡಿಯಲ್ಲಿ ಆ ಗಾಡಿಯ ನಂಬರ್ ಹೇಳಿ ವಿಚಾರಿಸಿ. ಸಣ್ಣ ಊರಾದರೆ ಅವರಿಗೆ ಪ್ರತಿ ಗಾಡಿಯೂ ಗೊತ್ತಿರುತ್ತದೆ. ಇಷ್ಟನ್ನೂ ಅಡ್ವಾನ್ಸ್ ಕೊಡುವ ಮೊದಲೇ ಮುಗಿಸಿ. ನನ್ನಂಥವರ ಹತ್ತಿರ ಬರುವಾಗ ಆರ್‌ಸಿ ಜೊತೆ ವೇಬ್ರಿಡ್ಜ್ ಚೀಟಿಯನ್ನೂ ತನ್ನಿ.