ಅವಿಭಾಜ್ಯ ಸಂಖ್ಯೆ ದೊಡ್ಡದಿದ್ದರೆ ಸಾಲದೇ?

ಪ್ರಶ್ನೆ: ಬಹಿರಂಗ ಸಂಪರ್ಕದಲ್ಲೇ ಇಬ್ಬರೂ ಒಂದೇ ಗುಟ್ಟಿನ ಕೀಲಿಗೆ ಬರುವ ಡಿಫಿ-ಹೆಲ್ಮನ್ ಕೀಲಿ ವಿನಿಮಯಕ್ಕೆ 2048 ಬಿಟ್‌ಗಳ ಅವಿಭಾಜ್ಯ ಸಂಖ್ಯೆಯನ್ನೇ ಬಳಸುತ್ತಿದ್ದೇವೆ. ಉಪಗುಂಪಿನ ಗಾತ್ರವೂ ಅವಿಭಾಜ್ಯವಾಗಿರಬೇಕು ಎನ್ನುತ್ತಾರಲ್ಲ, ಏಕೆ?

ಉತ್ತರ: ಸಾಲದು. ನಿಮ್ಮ ಸಂಖ್ಯೆ, ಅಂದರೆ ಪಿ, ಅವಿಭಾಜ್ಯವೇ ಇರಬಹುದು, ಆದರೆ ಲೆಕ್ಕವೆಲ್ಲ ನಡೆಯುವುದು ಪಿಯಿಂದ ಭಾಗಿಸಿ ಬರುವ ಶೇಷಗಳ ಪಿ−1 ಗಾತ್ರದ ಗುಂಪಿನಲ್ಲಿ. ಆ ಗಾತ್ರದ ಒಂದೊಂದು ಭಾಜಕಕ್ಕೂ ಒಂದೊಂದು ಉಪಗುಂಪು (ಒಂದು ಸಂಖ್ಯೆಯ ಘಾತಗಳಿಂದ ಸಿಗುವ ಶೇಷಗಳ ಕೂಟ) ಇರುತ್ತದೆ. ದಾಳಿಕೋರ ನುಸುಳುವುದು ಅವುಗಳಲ್ಲಿ ಚಿಕ್ಕವುಗಳಿಂದ.

ಪಿ 31, ನಿಮ್ಮ ಗುಟ್ಟಿನ ಘಾತ 17 ಎಂದಿಟ್ಟುಕೊಳ್ಳಿ. ದಾಳಿಕೋರ ತನ್ನ ಸಾರ್ವಜನಿಕ ಸಂಖ್ಯೆಯೆಂದು 5ನ್ನು ಕಳುಹಿಸುತ್ತಾನೆ. ಅದನ್ನು ನಿಮ್ಮ ಘಾತಕ್ಕೆ ಏರಿಸಿ 31ರಿಂದ ಭಾಗಿಸಿದಾಗ ಬರುವ ಶೇಷವೇ ನಿಮ್ಮ ಕೀಲಿ. 5ರ ಘನ 125. ಅದನ್ನು 31ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 5ನ್ನು ಯಾವ ಘಾತಕ್ಕೆ ಏರಿಸಿದರೂ ಸಿಗುವುದು 1, 5, 25ರಲ್ಲಿ ಒಂದು. ನಿಮಗೆ ಸಿಗುವುದು 25. ಅದರಿಂದ ನೀವು ಗೂಢಲಿಪಿಗೆ ಇಳಿಸಿದ ಸಂದೇಶದ ಮೇಲೆ ಅವನು ಮೂರು ಕೀಲಿಗಳನ್ನು ಪ್ರಯೋಗಿಸಿದರೆ ಸಾಕು: ನಿಮ್ಮ ಘಾತವನ್ನು 3ರಿಂದ ಭಾಗಿಸಿದರೆ 2 ಉಳಿಯುತ್ತದೆಂದು ತಿಳಿದುಬಿಡುತ್ತದೆ. ಮುಂದಿನ ಸಲ 2ನ್ನು ಕಳುಹಿಸಿ, 5ರಿಂದ ಭಾಗಿಸಿದರೂ 2 ಉಳಿಯುತ್ತದೆಂದು ಅರಿಯುತ್ತಾನೆ. 30ನ್ನು ಕಳುಹಿಸಿದಾಗ ಘಾತ ಬೆಸಸಂಖ್ಯೆ ಎಂಬುದೂ ಹೊರಬೀಳುತ್ತದೆ. 30ರೊಳಗೆ ಈ ಮೂರಕ್ಕೂ ಹೊಂದುವ ಸಂಖ್ಯೆ 17 ಮಾತ್ರ!

ಇಡೀ ಘಾತ ಹೀಗೆ ಬಯಲಾಗಲು ನೀವು ಅದೇ ಘಾತವನ್ನು ಮತ್ತೆ ಮತ್ತೆ ಬಳಸಿರಬೇಕು. ಹಾಗೆ ಬಳಸುವುದು ಅಪರೂಪವೇನಲ್ಲ. ಲಿಮ್ ಮತ್ತು ಲೀ 1997ರಲ್ಲೇ ಈ ದಾಳಿಯನ್ನು ವಿವರಿಸಿದ್ದರು. ಆದರೂ 2016ರ ಜನವರಿಯಲ್ಲಿ ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್ ಇದೇ ಬಗೆಯ ದೋಷವನ್ನು ಸರಿಪಡಿಸಬೇಕಾಯಿತು. ಪಿ−1ರ ಅಪವರ್ತನಗಳೆಲ್ಲ ಚಿಕ್ಕವಾದರಂತೂ ಕದ್ದು ಕೇಳಿದರೇ ಸಾಕು, ಏನನ್ನೂ ಕಳುಹಿಸಬೇಕಿಲ್ಲ. ಹಾಗೆ ಘಾತವನ್ನು ಕಂಡುಹಿಡಿಯುವ ಪೋಲಿಗ್-ಹೆಲ್ಮನ್ ವಿಧಾನ 1978ರಿಂದಲೂ ಇದೆ.

ಪರಿಹಾರವಾಗಿ ನಾನು ಸೂಚಿಸುವುದು ಪಿ = 2ಕ್ಯೂ + 1 ಎಂಬ ರೂಪದ ಸಂಖ್ಯೆಯನ್ನು; ಇಲ್ಲಿ ಕ್ಯೂ ಕೂಡ ಅವಿಭಾಜ್ಯ. 23 = 2 × 11 + 1 ಅಂಥದ್ದು; ಅಲ್ಲಿ 2ರ ಘಾತಗಳು 11 ಗಾತ್ರದ ಉಪಗುಂಪಾಗುತ್ತವೆ. ಈ ರೂಪದಲ್ಲಿ 1, 2, ಕ್ಯೂ, 2ಕ್ಯೂ ಬಿಟ್ಟು ಬೇರೆ ಗಾತ್ರದ ಉಪಗುಂಪೇ ಇಲ್ಲ. ಎದುರಿನವರು ಕಳುಹಿಸಿದ ಸಂಖ್ಯೆ 2ರಿಂದ ಪಿ−2ರೊಳಗಿದೆಯೇ ಎಂದು ನೋಡಿದರೆ, ಹೆಚ್ಚೆಂದರೆ ಘಾತ ಸಮವೋ ಬೆಸವೋ ಎಂಬ ಒಂದು ಬಿಟ್ ಸೋರಬಹುದು.

ಪಿ ಈ ರೂಪದ್ದಲ್ಲದೆ, ಉಪಗುಂಪಿನ ಗಾತ್ರವಾದ ಕ್ಯೂ ಬರೀ 256 ಬಿಟ್‌ಗಳದ್ದಾಗಿದ್ದರೆ ಇಷ್ಟು ಸಾಲದು. ಬಂದ ಸಂಖ್ಯೆಯನ್ನು ಪ್ರತಿ ಸಲವೂ ಕ್ಯೂ ಘಾತಕ್ಕೆ ಏರಿಸಿ, ಶೇಷ 1 ಬಾರದಿದ್ದರೆ ಸಂಪರ್ಕವನ್ನೇ ಕಡಿಯಬೇಕು. ಜಾಲ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಪಾಡುವ ನಿಯಮಾವಳಿಯಾದ ಟಿಎಲ್‌ಎಸ್ 1.2ರ ಸರ್ವರ್ ಪಿ ಮತ್ತು ಜಿಯನ್ನು (ಘಾತಕ್ಕೆ ಏರಿಸುವ ಮೂಲ ಸಂಖ್ಯೆ) ಕಳುಹಿಸುತ್ತದೆ, ಕ್ಯೂವನ್ನು ಕಳುಹಿಸುವುದಿಲ್ಲ. ಪಿ ಅಪರಿಚಿತವಾದರೆ ಗ್ರಾಹಕ ತಂತ್ರಾಂಶ ಪರೀಕ್ಷಿಸುವುದಾದರೂ ಹೇಗೆ? ಟಿಎಲ್‌ಎಸ್ 1.3 ಹೆಸರಿಟ್ಟು ಗೊತ್ತುಪಡಿಸಿದ ಗುಂಪುಗಳನ್ನು ಮಾತ್ರ ಒಪ್ಪುತ್ತದೆ. ನಿಮ್ಮದು ಹಳೆಯ ಆವೃತ್ತಿಯಾಗಿದ್ದರೆ ಸ್ವಂತ ಪಿಯನ್ನು ಕೈಬಿಟ್ಟು, ಅಂತರಜಾಲದ ಮಾನದಂಡ ದಾಖಲೆಯಾದ ಆರ್‌ಎಫ್‌ಸಿ 7919ರ ಗುಂಪೊಂದನ್ನು ಆರಿಸಿಕೊಳ್ಳಿ.