ಮೀಟರು ಓದಿದಿರಿ, ಸೆಕೆಂಡು ಓದಿದಿರಾ?

"ಗಾಳಿಯಿಲ್ಲ, ಮೋಡವಿಲ್ಲ, ಇದೆಂಥ ಅಲೆಯ ಎಚ್ಚರಿಕೆ?" ಏಪ್ರಿಲ್, ಮೇ ಬಂತೆಂದರೆ ಮಾಜಾಳಿಯಿಂದ ಗೋಕರ್ಣದವರೆಗೆ ಇದೇ ಮಾತು. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸೂಚನೆಯಲ್ಲಿ ಅಲೆಯ ಎತ್ತರ ಮೀಟರಿನಲ್ಲಿ, ಅವಧಿ ಸೆಕೆಂಡಿನಲ್ಲಿ ಇರುತ್ತದೆ. "ಒಂದು ಮೀಟರು ತಾನೇ" ಎಂದು ಜನ ಮೊಬೈಲನ್ನು ಜೇಬಿಗೆ ಹಾಕುತ್ತಾರೆ. ಸೆಕೆಂಡನ್ನು ಯಾರೂ ಓದುವುದಿಲ್ಲ.

ಅವಧಿಯೆಂದರೆ ಒಂದು ಅಲೆಯ ನೆತ್ತಿ ದಾಟಿ ಮುಂದಿನದು ಬರುವವರೆಗಿನ ಹೊತ್ತು. ಕಾರವಾರದಲ್ಲಿ ಮಧ್ಯಾಹ್ನದ ಕಡಲಗಾಳಿ ಎಬ್ಬಿಸುವ ಅಲೆ ಐದಾರು ಸೆಕೆಂಡಿನದು. ಆಳ ನೀರಿನಲ್ಲಿ ಅದರ ಉದ್ದ 40ರಿಂದ 55 ಮೀಟರು. 16 ಸೆಕೆಂಡಿನ ಅಲೆಯ ಉದ್ದ ಸುಮಾರು 400 ಮೀಟರು! ಅಂಥದ್ದು ಹುಟ್ಟಬೇಕಾದರೆ ಬಿರುಗಾಳಿ ನೂರಾರು ಕಿಲೋಮೀಟರ್ ಬಯಲು ನೀರಿನ ಮೇಲೆ ಒಂದೇ ದಿಕ್ಕಿಗೆ ಬಿಡದೆ ಬೀಸಬೇಕು. ಹಿಂದೂ ಮಹಾಸಾಗರದಲ್ಲಿ 40 ಡಿಗ್ರಿ ದಕ್ಷಿಣ ಅಕ್ಷಾಂಶದ ಆಚೆ ಅದಕ್ಕೆ ಬೇಕಾದಷ್ಟು ಜಾಗವಿದೆ.

ಬಿರುಗಾಳಿ ಅಲ್ಲೇ ಸಾಯುತ್ತದೆ. ನೀರೂ ಇಲ್ಲಿಗೆ ಬರುವುದಿಲ್ಲ. ಗದ್ದೆಯ ಮೇಲೆ ಗಾಳಿ ಹಾಯುವಾಗ ತೆನೆ ನಿಂತಲ್ಲೇ ಬಾಗಿ ಏಳುವಂತೆ, ಸಾಗುವುದು ಏರಿಳಿತ ಮಾತ್ರ. ಆಳ ಸಮುದ್ರದಲ್ಲಿ ಉದ್ದನೆಯ ಅಲೆಗೇ ವೇಗ ಹೆಚ್ಚು. 16 ಸೆಕೆಂಡಿನ ಅಲೆಗಳ ತಂಡ ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗಿ, 6,000 ಕಿಲೋಮೀಟರನ್ನು ಐದೂವರೆ ದಿನದಲ್ಲಿ ಕ್ರಮಿಸುತ್ತದೆ. ಗಿಡ್ಡ ಅಲೆಗಳು ದಾರಿಯಲ್ಲೇ ಹಿಂದುಳಿಯುತ್ತವೆ. ಹಾಗಾಗಿ ಮೊದಲು ತಲುಪುವುದು ತಗ್ಗಾದ, ಅತಿ ಉದ್ದನೆಯ ಅಲೆ. ಹೊರಗಡಲಿನ ದೋಣಿಯಲ್ಲಿ ಕುಳಿತವನಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ 200 ಮೀಟರ್ ಆಳದಿಂದಲೇ ಅದಕ್ಕೆ ತಳ ತಾಗತೊಡಗುತ್ತದೆ. ದಡದ ಹತ್ತಿರ ವೇಗ ಕುಗ್ಗಿ ಮೈ ಎತ್ತರಿಸುತ್ತದೆ, ಮರಳಿನ ಮೇಲೆ ಬಹುದೂರ ಏರುತ್ತದೆ. ಐದು ಸೆಕೆಂಡಿನ ಒಂದು ಮೀಟರು ಬೇರೆ, ಹದಿನಾರು ಸೆಕೆಂಡಿನ ಒಂದು ಮೀಟರೇ ಬೇರೆ.

ಗೋಕರ್ಣದ ಹೋಮ್‌ಸ್ಟೇ ಮಾಲೀಕರೊಬ್ಬರಿಗೆ ಇಷ್ಟನ್ನೂ ಬಿಡಿಸಿ ಹೇಳಿದೆ. ಒಳ್ಳೆಯ ಮನುಷ್ಯ, ಕಷಾಯ ಕೊಟ್ಟು ಶ್ರದ್ಧೆಯಿಂದ ಕೇಳಿದರು. ಕೊನೆಗೆ, "ಹಾಗಾದರೆ ಸಂಜೆ ಮಳೆ ಬರುತ್ತದೆಯೇ?" ಎಂದರು.

ಅವರ ಅತಿಥಿಗಳದ್ದು ಇನ್ನೊಂದು ತಪ್ಪು. ಈ ಅಲೆಗಳು ತಂಡವಾಗಿ ಬರುತ್ತವೆ, ತಂಡಗಳ ನಡುವೆ ಕೆಲವು ನಿಮಿಷ ಕಡಲು ಸುಮ್ಮನಿರುತ್ತದೆ. ಆ ಬಿಡುವನ್ನೇ ನಂಬಿ ಫೋಟೋ ತೆಗೆಯಲು ಬಂಡೆಗೆ ಇಳಿಯುತ್ತಾರೆ.

ಕೇರಳದ ದಕ್ಷಿಣ ತೀರದಷ್ಟು ಅಬ್ಬರ ನಮ್ಮಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಪ್ರತಿ ಸೂಚನೆಯೂ ಅನಾಹುತ ತರುವುದಿಲ್ಲ. ಆದರೂ ಸೂಚನೆಯಲ್ಲಿ ಅಲೆಯ ಅವಧಿ 15 ಸೆಕೆಂಡು ದಾಟಿದ್ದರೆ, ಅದರ ಜೊತೆಗೆ ಹುಣ್ಣಿಮೆಯದೋ ಅಮಾವಾಸ್ಯೆಯದೋ ಉಬ್ಬರ ಕೂಡಿದರೆ, ದೋಣಿ, ಬಲೆಗಳನ್ನು ಹಿಂದಿನ ಸಂಜೆಯೇ ಮೇಲಕ್ಕೆ ಎಳೆದಿಡಿ. ಒದ್ದೆ ಮರಳಿನ ಗೆರೆಯ ಆಚೆಗೆ ಎಂದರೆ ಸಾಲದು, ಗಾಳಿಮರಗಳ ಬುಡದವರೆಗೆ.